ದೊಡ್ಡ ಮಾತನ್ನು ಎಣಿಸುವ ಕೆಲಸವಾಗಿ ಮಾಡುವುದು ಹೇಗೆ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ಮತ್ತು ಪ್ರೇರಕಿಯರಿಗೆ ಈ ತಿಂಗಳ ಪಾಠ)



ನಮ್ಮ ಸಂಘಗಳ ನಡಾವಳಿ ಪುಸ್ತಕ ತೆರೆದು ನೋಡಿದರೆ ಕೆಲವು ಸಾಲುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. "ಮಹಿಳೆಯರ ಆರೋಗ್ಯ ಸುಧಾರಿಸಬೇಕೆಂದು ತೀರ್ಮಾನಿಸಲಾಯಿತು." "ಊರಿನ ಸ್ವಚ್ಛತೆ ಕಾಪಾಡಬೇಕೆಂದು ಎಲ್ಲರೂ ಒಪ್ಪಿದರು." "ಮಕ್ಕಳ ಭವಿಷ್ಯಕ್ಕಾಗಿ ಶ್ರಮಿಸಲು ನಿರ್ಧರಿಸಲಾಯಿತು." ಕೆಳಗೆ ಇಪ್ಪತ್ತು ಸಹಿ ಇರುತ್ತದೆ. ಮುಂದಿನ ತಿಂಗಳ ಪುಟಕ್ಕೆ ಹೋದರೆ ಆ ವಿಷಯವೇ ಇಲ್ಲ. ಸದಸ್ಯರಿಗೆ ಮನಸ್ಸಿಲ್ಲ ಅಂತಲ್ಲ. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೋದು ಆ ಸಾಲಿನಲ್ಲಿ ಯಾರಿಗೂ ಸಿಗುವುದಿಲ್ಲ, ಅಷ್ಟೆ.

ಅದೇ ಸಂಘದ ಉಳಿತಾಯದ ಪುಸ್ತಕ ನೋಡಿ. ಯಾರು ಎಷ್ಟು ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ, ಯಾವ ವಾರ ಕಂತು ತಪ್ಪಿತು, ಎಲ್ಲವೂ ಇದೆ. ಐದು ರೂಪಾಯಿ ವ್ಯತ್ಯಾಸ ಬಂದರೂ ಸಭೆ ಮುಗಿಯುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಇಷ್ಟು ಗಟ್ಟಿಯಾಗಿರುವ ನಮ್ಮ ಹೆಂಗಸರಿಗೆ ಆರೋಗ್ಯ, ಸ್ವಚ್ಛತೆ, ಸಬಲೀಕರಣದ ವಿಷಯದಲ್ಲೂ ಅದೇ ಗಟ್ಟಿತನ ಬರಲು ಸಾಧ್ಯ. ಅದನ್ನು ಹೇಗೆ ಮಾಡುವುದು ಎಂಬುದೇ ಈ ಪಾಠ.

1. ದೊಡ್ಡ ಮಾತು, ಸಣ್ಣ ಅಳತೆ

"ಒಗ್ಗಟ್ಟಿನಲ್ಲಿ ಬಲವಿದೆ" ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಒಗ್ಗಟ್ಟನ್ನು ತಕ್ಕಡಿಯಲ್ಲಿ ಇಟ್ಟು ತೂಗಲು ಆಗುವುದಿಲ್ಲ. ಆದರೂ ಸ್ವಸಹಾಯ ಸಂಘದ ಚಳವಳಿ ಆ ಮಾತನ್ನು ಎಣಿಸುವ ಕೆಲಸವಾಗಿ ಮಾಡಿತು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಪ್ಪಟ ಬಡವರ ಗುಂಪಿಗೆ ಬ್ಯಾಂಕು ಯಾವ ನಂಬಿಕೆಯ ಮೇಲೆ ಸಾಲ ಕೊಡಬೇಕು? ಮುಂದೆ ನಾವೆಲ್ಲ ಪಂಚಸೂತ್ರ ಎಂದು ಕಲಿತದ್ದು ಇದಕ್ಕೇ ಉತ್ತರ: ನಿಯಮಿತ ಸಭೆ, ನಿಯಮಿತ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕಪತ್ರ. ಐದೂ ಎಣಿಸಬಹುದಾದವು. ಒಗ್ಗಟ್ಟಿಲ್ಲದ ಗುಂಪು ಈ ಐದನ್ನು ವರ್ಷಗಟ್ಟಲೆ ನಡೆಸಲಾರದು. ಹೀಗೆ ಕಣ್ಣಿಗೆ ಕಾಣದ ಒಗ್ಗಟ್ಟು ಪುಸ್ತಕದಲ್ಲಿ ಕಾಣುವಂತಾಯಿತು.

ಪ್ರಪಂಚದ ಮಟ್ಟದಲ್ಲೂ ಇದೇ ರೀತಿ. "ತಾಯಂದಿರ ಆರೋಗ್ಯ ಕಾಪಾಡಬೇಕು" ಎಂಬ ಮಾತಿಗೆ ಯಾವ ದೇಶವೂ ಬೇಡ ಅನ್ನುವುದಿಲ್ಲ. ವಿಶ್ವಸಂಸ್ಥೆಯ ದೇಶಗಳು 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆ ಮಾತಿಗೆ ಒಂದು ಸಂಖ್ಯೆ ಮತ್ತು ಒಂದು ವರ್ಷ ಸೇರಿತು: 2030ರೊಳಗೆ, ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 70ಕ್ಕಿಂತ ಕಡಿಮೆಯಾಗಬೇಕು. ಕರ್ನಾಟಕದಲ್ಲಿ 2018-20ರ ಲೆಕ್ಕದಲ್ಲಿ ಇದು 69 ಇತ್ತು. ಸಂಖ್ಯೆ ಇದ್ದುದರಿಂದಲೇ ನಾವು ಎಲ್ಲಿದ್ದೇವೆ ಎಂದು ಕೇಳಲು ಸಾಧ್ಯವಾಯಿತು. ಆ 69 ಕೂಡ ಬರೀ ಅಂಕಿಯಲ್ಲ. ಒಂದೊಂದೂ ಒಂದೊಂದು ಮನೆಯ ತಾಯಿ.

2. ಐದು ಪ್ರಶ್ನೆಗಳು

ಸಭೆಯಲ್ಲಿ ಯಾವುದೇ ದೊಡ್ಡ ಮಾತು ಬಂದಾಗ, ತೀರ್ಮಾನ ಬರೆಯುವ ಮೊದಲು ಈ ಐದು ಪ್ರಶ್ನೆ ಕೇಳೋಣ.

1. ಈ ಮಾತು ನಿಜವಾದರೆ ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ಕಣ್ಣಿಗೆ ಏನು ಕಾಣಿಸುತ್ತದೆ?
2. ಅದನ್ನು ಯಾವುದರಿಂದ ಅಳೆಯುತ್ತೇವೆ ಅಥವಾ ಎಣಿಸುತ್ತೇವೆ?
3. ಇವತ್ತು ಅದು ಎಷ್ಟಿದೆ?
4. ಯಾವ ತಾರೀಖಿನೊಳಗೆ ಎಷ್ಟಾಗಬೇಕು?
5. ಯಾರು, ಏನನ್ನು, ಯಾವ ದಿನ ಮಾಡುತ್ತಾರೆ? ಆಯಿತೋ ಇಲ್ಲವೋ ಎಂದು ನೋಡುವವರು ಯಾರು?

ಇವುಗಳಲ್ಲಿ ನಾವು ಸಾಮಾನ್ಯವಾಗಿ ಹಾರಿಸಿಬಿಡುವುದು ಮೂರನೆಯದನ್ನು. ಮಡಕೆಯಲ್ಲಿ ಎಷ್ಟು ಅಕ್ಕಿ ಇತ್ತು ಅಂತ ಗೊತ್ತಿಲ್ಲದೆ ಎಷ್ಟು ಖರ್ಚಾಯಿತು ಅಂತ ಹೇಳಲು ಬರುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಇವತ್ತಿನ ಸ್ಥಿತಿಯನ್ನು ಬರೆದಿಡಬೇಕು.

3. ಒಂದು ಉದಾಹರಣೆ: "ಹೆಂಗಸರ ಆರೋಗ್ಯ ಸುಧಾರಿಸಬೇಕು"

ಲೆಕ್ಕ ಅರ್ಥವಾಗಲೆಂದು 20 ಸದಸ್ಯರ ಒಂದು ಸಂಘವನ್ನು ಊಹಿಸಿಕೊಳ್ಳೋಣ.

*ಕಣ್ಣಿಗೆ ಏನು ಕಾಣಿಸುತ್ತದೆ?* ಈ ಪ್ರಶ್ನೆ ಕೇಳಿದ ಕೂಡಲೇ ಹೆಂಗಸರು ತಮ್ಮ ಮಾತಿನಲ್ಲೇ ಹೇಳಲು ಶುರುಮಾಡುತ್ತಾರೆ. "ಎರಡು ಕೊಡ ನೀರು ತಂದ್ರೆ ಏದುಸಿರು ಬರುತ್ತೆ ಸಿಸ್ಟರ್." "ಕಳೆ ಕೀಳಕ್ಕೆ ಬಗ್ಗಿ ಎದ್ರೆ ಕಣ್ಣು ಕತ್ತಲೆ." "ಬೆಳಿಗ್ಗೆ ಎದ್ದಾಗ್ಲೇ ಸುಸ್ತು ಕಣಕ್ಕ, ವಯಸ್ಸಾಯ್ತೇನೋ ಅನ್ಕೊಂಡಿದ್ದೆ." ಹೀಗೆ ಹೇಳುವವರಲ್ಲಿ ಮೂವತ್ತು ವರ್ಷ ದಾಟದವರೂ ಇರುತ್ತಾರೆ. ಈ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ರಕ್ತಹೀನತೆಯ ಸಂಶಯ ಬರುತ್ತದೆ.

ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಮೊದಲಿನ 2015-16ರ ಸಮೀಕ್ಷೆಯಲ್ಲಿ ಅದು 44.8. ಆ ವರ್ಷಗಳಲ್ಲೆಲ್ಲ ಕಬ್ಬಿಣಾಂಶದ ಮಾತ್ರೆ ಹಂಚಿಕೆ ನಡೆಯುತ್ತಲೇ ಇತ್ತು, ಆದರೂ ಸಂಖ್ಯೆ ಇಳಿಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ರಕ್ತ ಕಡಿಮೆ ಇರುವ ಬಸುರಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಂದಿರ ಸಾವಿನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಸಂಬಂಧ ಅದು.

*ಯಾವುದರಿಂದ ಅಳೆಯುತ್ತೇವೆ?* ಹಿಮೋಗ್ಲೋಬಿನ್ ಪರೀಕ್ಷೆಯಿಂದ. ಬಸುರಿಯಲ್ಲದ ಮಹಿಳೆಗೆ 12 ಗ್ರಾಂಗಿಂತ, ಬಸುರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ನಮ್ಮ ಆರೋಗ್ಯ ಕಾರ್ಯಕ್ರಮಗಳಲ್ಲಿ ಲೆಕ್ಕ. ಬಸುರಿಯಲ್ಲದವರಿಗೆ 8ಕ್ಕಿಂತ, ಬಸುರಿಗೆ 7ಕ್ಕಿಂತ ಕಡಿಮೆ ಬಂದರೆ ತೀವ್ರ ರಕ್ತಹೀನತೆ. ಬೆರಳಿನ ಒಂದು ಹನಿ ರಕ್ತದಲ್ಲಿ ಈ ಪರೀಕ್ಷೆ ಮಾಡಬಹುದು. ಆಶಾ ಕಾರ್ಯಕರ್ತೆಯ ಮೂಲಕ ಉಪಕೇಂದ್ರದ ನರ್ಸಮ್ಮನನ್ನು ಕೇಳಿ ಸಂಘದ ಸಭೆಯ ದಿನವೇ ಏರ್ಪಾಟು ಮಾಡಿಕೊಳ್ಳಬಹುದು.

*ಇವತ್ತು ಎಷ್ಟಿದೆ?* ನಮ್ಮ ಊಹೆಯ ಸಂಘದಲ್ಲಿ 20 ಜನರ ಪರೀಕ್ಷೆ ಆಯಿತು ಎನ್ನೋಣ. 13 ಜನರಿಗೆ 12ಕ್ಕಿಂತ ಕಡಿಮೆ. ಅವರಲ್ಲಿ ಇಬ್ಬರಿಗೆ 8ಕ್ಕಿಂತಲೂ ಕಡಿಮೆ. ಈಗ "ಆರೋಗ್ಯ ಸುಧಾರಿಸಬೇಕು" ಎಂಬ ಸಾಲಿಗೆ ಮೊದಲ ಸಲ ನೆಲ ಸಿಕ್ಕಿತು.

*ಯಾವಾಗ, ಎಷ್ಟಾಗಬೇಕು?* ತೀವ್ರ ರಕ್ತಹೀನತೆ ಇರುವ ಇಬ್ಬರ ವಿಷಯದಲ್ಲಿ ಆರು ತಿಂಗಳ ಗುರಿ ಇಡುವಂತಿಲ್ಲ. ಅವರನ್ನು ಮಾರನೆಯ ದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಉಳಿದವರಿಗೆ ಗುರಿ ಹೀಗಿರಬಹುದು: "ಆರು ತಿಂಗಳೊಳಗೆ 12ಕ್ಕಿಂತ ಕಡಿಮೆ ಇರುವವರ ಸಂಖ್ಯೆ 13ರಿಂದ 6ಕ್ಕೆ ಇಳಿಯಬೇಕು. ಮೂರನೆಯ ತಿಂಗಳಲ್ಲಿ ಒಮ್ಮೆ ಮಧ್ಯದ ಪರೀಕ್ಷೆ." ಎಲ್ಲರಿಗೂ ಸರಿಹೋಗಬೇಕು ಅಂತ ಆಸೆ ಇರುತ್ತದೆ, ಇರಲಿ. ಆದರೆ ಗುರಿ ಕೈಗೆಟುಕುವಷ್ಟು ಹತ್ತಿರವಿದ್ದರೆ ಹೆಜ್ಜೆ ಮುಂದೆ ಬೀಳುತ್ತದೆ.

*ಯಾರು, ಏನು, ಯಾವ ದಿನ?* ಇಲ್ಲಿ ಹೆಸರು ಬೇಕು. "ಸದಸ್ಯರೆಲ್ಲರೂ ಗಮನ ಹರಿಸುವುದು" ಎಂದು ಬರೆದರೆ ಯಾರೂ ಗಮನ ಹರಿಸುವುದಿಲ್ಲ. ಮಾತ್ರೆ ತರುವವರು ಒಬ್ಬರು. ಒಪ್ಪಿದ ಸದಸ್ಯರಿಂದ ಪ್ರತಿ ಸಭೆಯಲ್ಲಿ ಖಾಲಿಯಾದ ಮಾತ್ರೆ ಪಟ್ಟಿ ಕೇಳಿ ನೋಡುವವರು ಇನ್ನೊಬ್ಬರು. ಹಿತ್ತಲಲ್ಲಿ ನುಗ್ಗೆ ಇಲ್ಲದ ಮನೆಗೆ ನುಗ್ಗೆ ಕಡ್ಡಿ ಕೊಡುವವರು ಮತ್ತೊಬ್ಬರು. ಮೂರೂ ಹೆಸರು, ಮೂರೂ ತಾರೀಖು ಪುಸ್ತಕದಲ್ಲಿ ಇರಬೇಕು.

4. ಕೊಟ್ಟದ್ದು, ಬಳಸಿದ್ದು, ಬದಲಾದದ್ದು

ಈ ಪಾಠದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಲೆಕ್ಕಕ್ಕೆ ಮೂರು ಮೆಟ್ಟಿಲು ಇದೆ.

ಮೊದಲ ಮೆಟ್ಟಿಲು: ಎಷ್ಟು ಜನರಿಗೆ ಮಾತ್ರೆ ಕೊಟ್ಟೆವು?
ಎರಡನೆಯ ಮೆಟ್ಟಿಲು: ಎಷ್ಟು ಜನ ನುಂಗಿದರು?
ಮೂರನೆಯ ಮೆಟ್ಟಿಲು: ಎಷ್ಟು ಜನರ ರಕ್ತ ಹೆಚ್ಚಿತು?

ಸಂಸ್ಥೆಗಳ ವರದಿಗಳು, ಇಲಾಖೆಗಳ ವರದಿಗಳು ಬಹಳಷ್ಟು ಸಲ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತವೆ. ಯಾಕೆಂದರೆ ಕೊಟ್ಟದ್ದನ್ನು ಎಣಿಸುವುದು ಸುಲಭ. ರಶೀದಿ ಇರುತ್ತದೆ, ಫೋಟೋ ಇರುತ್ತದೆ. ಆದರೆ ನಾವು ಕೆಲಸ ಮಾಡುವುದು ಮೂರನೆಯ ಮೆಟ್ಟಿಲಿಗಾಗಿ.

ನಮ್ಮ ಊಹೆಯ ಸಂಘಕ್ಕೆ ಮರಳಿ ಬರೋಣ. ಮೂರನೆಯ ತಿಂಗಳ ಪರೀಕ್ಷೆಯಲ್ಲಿ 13 ಇದ್ದದ್ದು 11 ಆಗಿದೆ, ಅಷ್ಟೆ. ಮೊದಲ ಮೆಟ್ಟಿಲಲ್ಲಿ ನಿಂತವರು "ನಾವು ಎಲ್ಲರಿಗೂ ಮಾತ್ರೆ ಕೊಟ್ಟಿದ್ದೇವೆ" ಎಂದು ಸುಮ್ಮನಾಗುತ್ತಾರೆ. ಎರಡನೆಯ ಮೆಟ್ಟಿಲಿಗೆ ಬಂದವರು ಖಾಲಿ ಪಟ್ಟಿ ಎಣಿಸುತ್ತಾರೆ. ಸರಿಯಾಗಿ ನುಂಗಿದವರು ಐದೇ ಜನ ಎಂದು ಗೊತ್ತಾಗುತ್ತದೆ. ಯಾಕೆ ಎಂದು ಕೇಳಿದರೆ ಕಾರಣಗಳು ಹೊರಗೆ ಬರುತ್ತವೆ. "ತಿಂದ್ರೆ ಹೊಟ್ಟೆ ತೊಳೆಸುತ್ತೆ." "ಕಪ್ಪಗೆ ಹೋಗುತ್ತಲ್ಲ, ಹೆದರಿಕೆ ಆಯ್ತು." "ಬೆಳಿಗ್ಗೆ ಟೀ ಜೊತೆ ನುಂಗಿಬಿಡ್ತೀನಿ."

ಇವುಗಳಿಗೆ ಪರಿಹಾರ ಇದೆ. ಊಟದ ನಂತರ ನುಂಗಿದರೆ ಹೊಟ್ಟೆ ತೊಳೆಸುವುದು ಕಡಿಮೆಯಾಗುತ್ತದೆ. ಮಲ ಕಪ್ಪಗಾಗುವುದು ಈ ಮಾತ್ರೆಯ ಸಹಜ ಲಕ್ಷಣ, ಹೆದರಬೇಕಾಗಿಲ್ಲ. ಟೀ, ಕಾಫಿ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಆದ್ದರಿಂದ ಮಾತ್ರೆಗೂ ಟೀಗೂ ಮಧ್ಯೆ ಒಂದೆರಡು ಗಂಟೆ ಬಿಡಬೇಕು. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಎಷ್ಟು ಮಾತ್ರೆ, ಎಷ್ಟು ದಿನ ಎಂಬುದನ್ನು ಮಾತ್ರ ನರ್ಸಮ್ಮ ಅಥವಾ ವೈದ್ಯರು ಹೇಳಿದಂತೆಯೇ ಮಾಡಬೇಕು. ಕೆಲವರಿಗೆ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿರಬಹುದು, ಕೆಲವರಿಗೆ ಹೊಟ್ಟೆಹುಳ ಇರಬಹುದು. ಮಾತ್ರೆ ನುಂಗಿಯೂ ರಕ್ತ ಹೆಚ್ಚದಿದ್ದರೆ ಈ ಕಾರಣ ಹುಡುಕಬೇಕಾಗುತ್ತದೆ. ಇದು ತಿಳಿಯುವುದು ಮೂರು ಮೆಟ್ಟಿಲನ್ನೂ ಎಣಿಸಿದಾಗ ಮಾತ್ರ.

ಊಟದ ವಿಷಯಕ್ಕೂ ಒಂದು ಅಳತೆ ಬೇಕು. "ಪೌಷ್ಟಿಕ ಆಹಾರ ಸೇವಿಸಬೇಕು" ಎನ್ನುವುದು ಇನ್ನೊಂದು ದೊಡ್ಡ ಮಾತು. ನಮ್ಮ ಮನೆಗಳಲ್ಲಿ ಕಾಳಿನ ಸಾರು ಆಗುತ್ತದೆ, ಸೊಪ್ಪು ಬೇಯುತ್ತದೆ. ಆದರೆ ಗಂಡ, ಅತ್ತೆ ಮಾವ, ಮಕ್ಕಳು ಉಂಡಾದ ಮೇಲೆ ಅಡುಗೆ ಮಾಡಿದವಳು ಕೂರುವಾಗ ಪಾತ್ರೆಯ ತಳದಲ್ಲಿ ತಿಳಿ ಮಾತ್ರ ಇರುತ್ತದೆ. ಹಾಗಾಗಿ ಪ್ರೇರಕಿಯರು ಕೇಳಬೇಕಾದ ಪ್ರಶ್ನೆ, "ನಿನ್ನೆ ಏನು ಸಾರು?" ಎಂದಲ್ಲ. "ನಿನ್ನೆ ನಿಮ್ಮ ತಟ್ಟೆಗೆ ಕಾಳು ಬಂತಾ?" ಎಂದು. ವಾರದಲ್ಲಿ ಎಷ್ಟು ದಿನ ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಓದುಬರಹ ಬಾರದವರೂ ಇದನ್ನು ಮಾಡಬಲ್ಲರು. ಸೊನ್ನೆ ಇದ್ದದ್ದು ಮೂರು ದಿನವಾದರೆ ಆ ಮನೆಯಲ್ಲಿ ಏನೋ ಒಂದು ಬದಲಾಗಿದೆ ಎಂದೇ ಅರ್ಥ.

ಇದೇ ಮೂರು ಮೆಟ್ಟಿಲು ಬೇರೆ ಕೆಲಸಕ್ಕೂ ಹೊಂದುತ್ತದೆ.

ಸ್ವಚ್ಛತೆ: ಎಷ್ಟು ಶೌಚಾಲಯ ಕಟ್ಟಿಸಿದೆವು? ಮನೆಯವರೆಲ್ಲ ಬಳಸುತ್ತಾರಾ, ಅಥವಾ ಒಳಗೆ ಸೌದೆ ತುಂಬಿದೆಯಾ? ಮಕ್ಕಳಿಗೆ ಭೇದಿ ಕಡಿಮೆಯಾಯಿತಾ?

ಪರಿಸರ: ಎಷ್ಟು ಸಸಿ ನೆಟ್ಟೆವು? ಎಷ್ಟಕ್ಕೆ ಬೇಲಿ, ನೀರು ಆಯಿತು? ಎರಡನೇ ಬೇಸಿಗೆ ದಾಟಿ ಎಷ್ಟು ಉಳಿಯಿತು?

ತರಬೇತಿ: ಎಷ್ಟು ಜನ ಬಂದರು? ಮನೆಗೆ ಹೋಗಿ ಎಷ್ಟು ಜನ ಮಾಡಿ ನೋಡಿದರು? ಅದರಿಂದ ಕೈಗೆ ಏನು ಬಂತು?

5. ಲೆಕ್ಕವೂ ಮೋಸ ಮಾಡುತ್ತದೆ

ಎಣಿಸಿದ್ದೆಲ್ಲ ಸತ್ಯ ಹೇಳುತ್ತದೆ ಎಂದು ತಿಳಿಯಬಾರದು. "ನಮ್ಮ ಸಂಘದಲ್ಲಿ ಮರುಪಾವತಿ ನೂರಕ್ಕೆ ನೂರು" ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಕಂತಿನ ಹಣ ಎಲ್ಲಿಂದ ಬಂತು ಎಂದು ಕೇಳಿದ್ದೇವಾ? ಹಸುವಿನ ಹಾಲು ಮಾರಿ ಬಂದಿದ್ದರೆ ಸಂತೋಷ. ಇನ್ನೊಂದು ಫೈನಾನ್ಸಿನಿಂದ ಸಾಲ ಎತ್ತಿ ಇಲ್ಲಿ ಕಟ್ಟಿದ್ದರೆ, ನಮ್ಮ ಪುಸ್ತಕದಲ್ಲಿ ನೂರಕ್ಕೆ ನೂರು ಕಾಣುತ್ತಿರುವಾಗಲೇ ಆ ತಾಯಿ ಮುಳುಗುತ್ತಿರುತ್ತಾಳೆ. ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ಅದರಿಂದಲೇ ತಿಳಿಯುತ್ತದೆ.

ಆದ್ದರಿಂದ ಮರುಪಾವತಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: "ಬೇರೆ ಕಡೆ ಎಷ್ಟು ಸಾಲ ಇದೆ?" ಒಂದು ಸಂಖ್ಯೆಯನ್ನು ಕಾಯಲು ಇನ್ನೊಂದು ಸಂಖ್ಯೆ ಬೇಕು. ಎರಡು ಎತ್ತು ಒಟ್ಟಿಗೆ ಎಳೆದರೆ ಗಾಡಿ ದಾರಿ ಬಿಡುವುದಿಲ್ಲ.

6. ಎಣಿಸಲಾಗದ್ದನ್ನು ಏನು ಮಾಡುವುದು?

"ಸಿಸ್ಟರ್, ಸಬಲೀಕರಣ, ಮರ್ಯಾದೆ, ಧೈರ್ಯ, ಇದನ್ನೆಲ್ಲ ಹೇಗೆ ಎಣಿಸೋದು?" ಎಂದು ಪ್ರೇರಕಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮರ್ಯಾದೆಗೆ ಗ್ರಾಂ ಇಲ್ಲ. ಆದರೆ ಅದು ಇರುವ ಮನೆಯಲ್ಲಿ ಕೆಲವು ಗುರುತು ಕಾಣುತ್ತದೆ, ಇಲ್ಲದ ಮನೆಯಲ್ಲಿ ಕಾಣುವುದಿಲ್ಲ. ಹೊಗೆ ನೋಡಿ ಬೆಂಕಿ ತಿಳಿಯುವ ಹಾಗೆ.

2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಎಂದು ಯೋಜನೆ. ಖಾತೆಗೆ ಹಣ ಬರುವುದು ಮೊದಲ ಮೆಟ್ಟಿಲು. ಎರಡು, ಮೂರನೆಯ ಮೆಟ್ಟಿಲನ್ನು ನಾವು ಹೀಗೆ ಕೇಳಬಹುದು: ಪಾಸ್‌ಬುಕ್, ಎಟಿಎಂ ಕಾರ್ಡು ಯಾರ ಹತ್ತಿರ ಇದೆ? ಹಣ ತೆಗೆಯಲು ಬ್ಯಾಂಕಿಗೆ ಯಾರು ಹೋದರು? ಯಾವುದಕ್ಕೆ ಖರ್ಚು ಮಾಡಬೇಕು ಅಂತ ಯಾರು ಹೇಳಿದರು? ತನ್ನ ಔಷಧಿಗೆ, ತನ್ನ ಚಪ್ಪಲಿಗೆ ಅದರಲ್ಲಿ ಒಂದು ರೂಪಾಯಿಯಾದರೂ ಖರ್ಚಾಯಿತಾ?

ಹಾಗೆಯೇ ಸಂಘದ ಬಗ್ಗೆ: ಕಳೆದ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಜನ ಹೋದೆವು? ಅಲ್ಲಿ ಎದ್ದು ಮಾತಾಡಿದವರು ಎಷ್ಟು? ನಾವು ಕೇಳಿದ್ದು ನಡಾವಳಿಯಲ್ಲಿ ದಾಖಲಾಯಿತಾ? ಕೆಲಸ ಆಯಿತಾ? ಮೊದಲ ವರ್ಷ ಇಬ್ಬರು ಮಾತಾಡಿದ್ದು ಮರುವರ್ಷ ಆರು ಜನ ಮಾತಾಡಿದರೆ ಧೈರ್ಯ ಬೆಳೆದಿದೆ ಎಂದು ಹೇಳಲು ನಮಗೆ ಆಧಾರ ಸಿಕ್ಕಿತು.

ಇಷ್ಟಾದರೂ ಈ ಗುರುತುಗಳೇ ಮರ್ಯಾದೆಯಲ್ಲ. ಎಟಿಎಂ ಕಾರ್ಡು ಕೈಯಲ್ಲಿದ್ದೂ ದಿನಾ ಏಟು ತಿನ್ನುವ ಹೆಂಗಸು ಇರಬಹುದು. ಆದ್ದರಿಂದ ಪಟ್ಟಿ ತುಂಬಿದ ಮೇಲೂ ಐದು ನಿಮಿಷ ಅವಳ ಪಕ್ಕ ಕೂತು ಮಾತು ಕೇಳುವುದನ್ನು ಬಿಡಬಾರದು.

7. ಕೆಲವು ಎಚ್ಚರಿಕೆಗಳು

- ಒಬ್ಬೊಬ್ಬರ ರಕ್ತದ ಲೆಕ್ಕ, ಸಾಲದ ಲೆಕ್ಕ ಸಭೆಯಲ್ಲಿ ಕೂಗಿ ಹೇಳುವಂತಿಲ್ಲ. ಸಭೆಗೆ ಒಟ್ಟು ಸಂಖ್ಯೆ ಸಾಕು. ಅವರವರ ಸಂಖ್ಯೆ ಅವರವರ ಚೀಟಿಯಲ್ಲಿ.
- ಗುರಿ ಮುಟ್ಟದವರನ್ನು ಹಂಗಿಸಬಾರದು. ಹಂಗಿಸಿದರೆ ಮುಂದಿನ ಸಲ ಸುಳ್ಳು ಲೆಕ್ಕ ಬರುತ್ತದೆ. ಸುಳ್ಳು ಲೆಕ್ಕಕ್ಕಿಂತ ಕಡಿಮೆ ಲೆಕ್ಕ ಒಳ್ಳೆಯದು.
- ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ. ಹತ್ತು ಗುರಿ ಇಟ್ಟ ಸಂಘ ಹತ್ತನ್ನೂ ಬಿಡುತ್ತದೆ.
- ಅಳತೆಯನ್ನು ಕಚೇರಿಯಿಂದ ಕಳುಹಿಸಿದ ಫಾರಂ ತೀರ್ಮಾನಿಸುವುದು ಬೇಡ. "ತಟ್ಟೆಗೆ ಕಾಳು ಬಂತಾ" ಎಂಬಂತಹ ಅಳತೆ ಅಡುಗೆಮನೆಯಿಂದಲೇ ಹುಟ್ಟಬೇಕು.
- ಅಳೆದು ಸುಮ್ಮನೆ ಬಿಡಬಾರದು. ರಕ್ತ 7 ಇದೆ ಎಂದು ಬರೆದುಕೊಂಡು ಆಕೆಯನ್ನು ಮನೆಗೆ ಕಳುಹಿಸುವುದಾದರೆ ಅಳೆಯುವ ಹಕ್ಕೇ ನಮಗಿಲ್ಲ.

ಈ ತಿಂಗಳ ಸಭೆಯಲ್ಲಿ ಮಾಡಲು

1. ಕಳೆದ ಒಂದು ವರ್ಷದ ನಡಾವಳಿ ಓದಿ. "ಬೇಕೆಂದು ತೀರ್ಮಾನಿಸಲಾಯಿತು" ಎಂದು ಮುಗಿಯುವ ಎಷ್ಟು ಸಾಲು ಇವೆ? ಅವುಗಳಲ್ಲಿ ಎಷ್ಟಕ್ಕೆ ಹೆಸರು, ಸಂಖ್ಯೆ, ತಾರೀಖು ಇದೆ?
2. ಅವುಗಳಲ್ಲಿ ಒಂದೇ ಒಂದನ್ನು ಆರಿಸಿ. ಯಾವುದು ಮಾಡದಿದ್ದರೆ ನಮ್ಮಲ್ಲಿ ಯಾರಿಗಾದರೂ ಹೆಚ್ಚು ತೊಂದರೆಯಾಗುತ್ತದೋ ಅದನ್ನು.
3. ಐದು ಪ್ರಶ್ನೆಗೂ ಉತ್ತರ ಬರೆಯಿರಿ. ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಅದನ್ನು ತಿಳಿದು ಬರುವುದೇ ಈ ತಿಂಗಳ ಕೆಲಸ.
4. ಕೊಟ್ಟದ್ದು, ಬಳಸಿದ್ದು, ಬದಲಾದದ್ದು ಎಂದು ಮೂರು ಅಂಕಣದ ಒಂದು ಹಾಳೆ ಗೋಡೆಗೆ ಅಂಟಿಸಿ. ಮುಂದಿನ ಸಭೆಯ ಮೊದಲ ಹತ್ತು ನಿಮಿಷ ಅದಕ್ಕೇ ಮೀಸಲಿಡಿ.

ಮುಂದಿನ ತಿಂಗಳು ನಾವು ನಿಮ್ಮ ಸಂಘಕ್ಕೆ ಬಂದಾಗ ಉಳಿತಾಯದ ಪುಸ್ತಕದ ಜೊತೆಗೆ ಈ ಹಾಳೆಯನ್ನೂ ಕೇಳುತ್ತೇವೆ. ಮೂರನೆಯ ಅಂಕಣ ಖಾಲಿ ಇದ್ದರೂ ಚಿಂತೆಯಿಲ್ಲ, ಹಾಗೆಯೇ ತೋರಿಸಿ. ಅದನ್ನು ತುಂಬುವುದು ಹೇಗೆ ಎಂದು ಒಟ್ಟಿಗೆ ಕೂತು ಯೋಚಿಸೋಣ.